ಬೆರಳಗಲ ಜಾಗ

ಕೇಳು ರಾವಿರಿ, ಹಗ್ಗ ಕಟ್ಟೋದನ್ನು ಆಮೇಲೆ ಕಲಿಸುತ್ತೇನೆ.
ಮೊದಲು ಈ ಕಾಫಿ ಕಪ್ಪು.
ಲಿಟಲ್ಟನ್ನಿನ ಈ ಧಕ್ಕೆಯ ಮೇಲೆ
ದಿನಕ್ಕೆ ನಾಲ್ಕು ಸಲ ಇದನ್ನು ಹೊತ್ತು ನಡೆದಿದ್ದೇನೆ,
ಹನ್ನೊಂದು ವರ್ಷ.
ಎರಡು ಅಂಗಿ, ಒಂದು ರೇಡಿಯೋ,
ಒಬ್ಬ ಮದುಮಗನ ಬಿಳಿ ಪ್ಯಾಂಟು.
ಇಷ್ಟೇ ನಷ್ಟ.

ಗಾಜಿನದು. ನಡುವಿಗೆ ಕಾರ್ಕಿನ ಪಟ್ಟಿ,
ತಲೆಗೆ ಹಸಿರು ಮುಚ್ಚಳ.
ಮುಚ್ಚಳದ ಒಳಗೆ ನೋಡು, ರಬ್ಬರಿನ ಬಳೆ.
ರಾತ್ರಿ ಅದನ್ನು ಕಿತ್ತು ತೊಳೆಯಬೇಕು,
ಇಲ್ಲದಿದ್ದರೆ ಹಳಸಿದ ಹಾಲು ಅಲ್ಲೇ ಸಂಸಾರ ಹೂಡುತ್ತದೆ.
ಬೆಳಿಗ್ಗೆ ಮತ್ತೆ ಕೂರಿಸುವಾಗ
ಸುತ್ತಲೂ ಹೆಬ್ಬೆರಳು ಆಡಿಸು,
ಒಂದು ಕಡೆ ಮಡಚಿಕೊಂಡಿದ್ದರೂ ಸಾಕು,
ಅಲ್ಲಿಂದಲೇ ಸೋರುತ್ತದೆ ಸದ್ದಿಲ್ಲದೆ,
ಮನೆಯ ಮಾತು ಸೋರಿದ ಹಾಗೆ.

ಅಗೋ ಮೆರೆಆನಾಳ ಗಾಡಿ.
ಅವಳ ಕೈ ದೊಡ್ಡದು, ಅಂಚಿನವರೆಗೆ ಸುರಿಯುತ್ತಾಳೆ,
ಕಡಿಮೆ ಕೊಟ್ಟರೆ ಅವಳಿಗೇ ಅವಮಾನ.
ಬೇಡ ಎನ್ನು.
ಅಂಚಿನ ಕೆಳಗೆ ಬೆರಳಗಲ ಜಾಗ ಬಿಡಿಸು.
ತುಂಬಿದ ಕೊಡ ತುಳುಕೋದಿಲ್ಲ ಅಂತ ಗಾದೆ ಇದೆಯಲ್ಲ,
ಗಾದೆ ಕಟ್ಟಿದವನು ದೋಣಿ ಹತ್ತಿರಲಿಲ್ಲ.

ಒಮ್ಮೆಲೇ ಮುಚ್ಚಳ ಒತ್ತಬೇಡ.
ಎರಡು ಉಸಿರು ಕಾಯಿ, ಆವಿ ಹೊರಡಲಿ.
ಬಿಸಿಯ ಬಾಯಿ ಮುಚ್ಚಿಸಿದರೆ
ಅದು ಬಾಗಿಲು ಒದ್ದುಕೊಂಡು ಬರುತ್ತದೆ.
ನನ್ನ ಮಾಜಿ ಗಂಡನನ್ನು ನೀನು ನೋಡಿಲ್ಲ, ಬಿಡು.
ಆಮೇಲೆ ಅಂಗೈಯಿಂದ ಅದುಮು.
ಟಕ್ ಅನ್ನಬೇಕು.
ಅನ್ನುವವರೆಗೂ ಹೆಜ್ಜೆ ಎತ್ತಬೇಡ.

ಹಿಡಿಯುವುದು ಹೀಗೆ, ಮೇಲಿನಿಂದ,
ಗಿಡುಗ ಮರಿ ಎತ್ತಿದ ಹಾಗೆ, ಐದೂ ಬೆರಳು ಅಂಚಿಗೆ.
ಮೊಣಕೈ ಸಡಿಲ.
ಕಣ್ಣು ಕಪ್ಪಿನ ಮೇಲೆ ಇಟ್ಟೆಯೋ, ಕೆಟ್ಟೆ.
ನೋಡಿದಷ್ಟೂ ಅದು ಹೆಚ್ಚು ಕುಣಿಯುತ್ತದೆ,
ಅಂಗಡಿಯಲ್ಲಿ ಹಟ ಹಿಡಿದ ಮಗುವಿನಂತೆ.
ಆಚೆ ದಡ ನೋಡು, ಡೈಮಂಡ್ ಹಾರ್ಬರಿನ ಆ ಕೆಂಪು ಚಾವಣಿ.
ಕಾಲು ತಾನಾಗಿ ಲೆಕ್ಕ ಹಾಕುತ್ತದೆ.
ಹಲಗೆಯ ಮೇಲೆ ಮಾತ್ರ, ಅಲೆ ಎತ್ತುವಾಗ ನಿಲ್ಲು,
ಇಳಿಸುವಾಗ ನಡೆ.

ಒಂದು ಸಲ ಅವಸರಕ್ಕೆ ಚೀಲದಲ್ಲಿ ಮಲಗಿಸಿದೆ.
ಚೀಲದಲ್ಲಿ ಆ ವರ್ಷದ ಉಬ್ಬರ ಇಳಿತದ ಪುಸ್ತಕ.
ಮಾರ್ಚಿನಿಂದ ಜೂನಿನವರೆಗೆ
ಸಮುದ್ರದ ಅಂಕಿಗಳ ಮೇಲೆ ಕಾಫಿಯದೇ ಒಂದು ಉಬ್ಬರ ಏರಿ
ಕಂದು ಗೆರೆ ಬಿಟ್ಟು ಇಳಿದಿತ್ತು.
ಡುಗಲ್ ಬಯ್ಯಲಿಲ್ಲ. ಹಾಳೆ ಹಾಳೆ ಬಿಡಿಸಿ
ಎಂಜಿನ್ನಿನ ಬಿಸಿಗೆ ಒಣಗಿಸಿದ.
ವರ್ಷವಿಡೀ ಕ್ಯಾಬಿನ್ನಿನಲ್ಲಿ ಹುರಿದ ವಾಸನೆ.

ಹೂಂ, ಈ ಕಪ್ಪು ಅವನದೇ.
ಬಿಸಾಡಿದ ಕಾಗದದ ಕಪ್ಪುಗಳು ಬಂದರಿನಲ್ಲಿ
ಸತ್ತ ಮೀನಿನಂತೆ ಅಂಗಾತ ತೇಲುವುದು
ಅವನಿಗೆ ಆಗದು.

ಇಷ್ಟು ಹೊತ್ತು ಹೇಳಿದ್ದು ದಾರಿಯ ವಿಷಯ.
ಇನ್ನು ಹೇಳುವುದನ್ನು ಗಾಡಿಯ ಹತ್ತಿರ ಆಡಬೇಡ.
ಹೋದ ಚಳಿಗಾಲದಿಂದ ಬೆರಳಗಲ ಸಾಲುತ್ತಿಲ್ಲ.
ಎರಡು ಬೆರಳು ಬಿಡಿಸು.
ನೀರು ಕನ್ನಡಿಯಂತೆ ಮಲಗಿದ ದಿನವೂ
ಅವನ ಬಲಗೈಯಲ್ಲಿ ಸಣ್ಣದೊಂದು ಅಲೆ ಏಳುತ್ತದೆ.
ಚುಕ್ಕಾಣಿ ಹಿಡಿದಾಗ ಇಲ್ಲ,
ಕಪ್ಪು ಹಿಡಿದಾಗ.
ಡಾಕ್ಟರಿಗೆ ತೋರಿಸುತ್ತೇನೆ ಎಂದಿದ್ದಾನೆ, ಈಸ್ಟರ್ ಕಳೆಯಲಿ ಅಂತ.
ಯಾವ ಈಸ್ಟರ್ ಎಂದು ನಾನು ಕೇಳಿಲ್ಲ.
ಕೇಳಬೇಕು.

ಮುಚ್ಚಳದ ಬಾಯಿ ಅವನ ಕಡೆ ತಿರುಗಿಸಿರು,
ತಡಕುವಂತೆ ಆಗಬಾರದು.
ಕೈಗೆ ಕೊಡಬೇಡ, ಕಿಟಕಿಯ ಹತ್ತಿರ ಆ ಗೂಡಿನಲ್ಲಿಡು,
ಒದ್ದೆ ಬಟ್ಟೆ ಹಾಸಿದ್ದೇನೆ, ಜಾರುವುದಿಲ್ಲ.
ಇಟ್ಟು, ಮುಖ ತಿರುಗಿಸು.
ಹಗ್ಗ ಇದೆಯಲ್ಲ, ಹಗ್ಗ ನೋಡು.
ಹೇಳಿದೆನಲ್ಲ, ನೋಡಿದಷ್ಟೂ ಹೆಚ್ಚು ಕುಣಿಯುತ್ತದೆ.

ಹೊರಡು, ಸಿಳ್ಳೆ ಹಾಕುತ್ತಿದ್ದಾನೆ.

ಏಯ್, ತಡಿ,
ಟಕ್ ಅಂದಿತಾ?
ನನಗೆ ಕೇಳಿಸಲಿಲ್ಲ.